ಯೋಚಿಸಲು ಬಿಟ್ಟ ಚಳಿಗಾಲ

ಸಾಂದ್‌ವಿಕ್
೨೨ ಅಕ್ಟೋಬರ್ ೧೯೭೮

ಅಣ್ಣ ಟೋರ್ಫಿ,

ತಲುಪಿದೆ. ಹಡಗಿನಲ್ಲಿ ಎರಡು ಸಲ ವಾಂತಿಯಾಯಿತು, ಮೂರನೆಯ ಸಲಕ್ಕೆ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಇಲ್ಲಿ ಮೀನಿನ ಕಾರ್ಖಾನೆಯ ಮಹಡಿಯಲ್ಲೇ ನಮಗೆಲ್ಲ ಕೋಣೆ. ಕೆಳಗೆ ಮೀನು, ಮೇಲೆ ನಾವು. ಎಷ್ಟು ಸೋಪು ತಿಕ್ಕಿದರೂ ಕೈಯ ವಾಸನೆ ಹೋಗುವುದಿಲ್ಲ. ಈಗ ನಮ್ಮ ಕುದುರೆಗಳು ನನ್ನನ್ನು ಮೂಸಿದರೆ ಬಾಲ ಎತ್ತಿಕೊಂಡು ಓಡುತ್ತವೆ. ಊರೆಂದರೆ ಒಂದೇ ಬೀದಿ. ಹಿಂದೆ ಬೆಟ್ಟ, ಮುಂದೆ ಕೊಲ್ಲಿಯ ನೀರು, ಅದರಾಚೆ ಮತ್ತೆ ಬೆಟ್ಟ. ಒಂದು ಕುದುರೆಯನ್ನು ಓಡಿಸಿ ತಿರುಗಿಸುವಷ್ಟು ಸಮತಟ್ಟಾದ ಜಾಗ ಊರಿಡೀ ಇಲ್ಲ. ಬಂದ ದಿನವೇ ಹುಡುಕಿ ನೋಡಿದೆ.

ಹೊರಡುವ ದಿನ ಅಡುಗೆಮನೆಯಲ್ಲಿ ಕೂಗಾಡಿದ್ದಕ್ಕೆ ಒಡ್ನಿ ಅತ್ತಿಗೆಯ ಕ್ಷಮೆ ಕೇಳಿದ್ದೇನೆಂದು ಹೇಳು. ನಿನ್ನ ಕ್ಷಮೆ ಕೇಳುವುದಿಲ್ಲ. ಕೂಗುವಾಗ ಮಾತು ನೆಟ್ಟಗೆ ಬರಲಿಲ್ಲ, ಅದಕ್ಕೆ ಈಗ ತಣ್ಣಗೆ ಬರೆಯುತ್ತಿದ್ದೇನೆ. ಅಪ್ಪ ಹೋದ ಮೇಲೆ ಮೆಲ್‌ಬಾಕ್ಕಿಯ ಮನೆ, ಹುಲ್ಲುಗಾವಲು ಎಲ್ಲ ನಿನಗೆ ಬಂತು. ಬರಲಿ, ಎಲ್ಲ ಮನೆಗಳಲ್ಲೂ ಹಿರಿಯ ಮಗನಿಗೇ ಬರುತ್ತದೆ. ಆದರೆ ಕುದುರೆಗಳು? ಯಾವ ಹೆಣ್ಣಿಗೆ ಯಾವ ಗಂಡು ಎಂದು ನೋಡುವವಳು ನಾನು. ಅವು ಈಯುವಾಗ ಹುಲ್ಲಿನ ಮೇಲೆ ಮಲಗಿ ಕಾಯುವವಳು ನಾನು. ನಾಲ್ಕು ವರ್ಷ ತುಂಬಿದವನ್ನು ಶರತ್ಕಾಲದಲ್ಲಿ ಬೆಟ್ಟದಿಂದ ಕರೆತಂದು, ಹೊಡೆಯದೆ ಬೈಯದೆ ಕೈಗೆ ಒಗ್ಗಿಸುವವಳು ನಾನು. ಕೊಳ್ಳುವವರು ಬಂದಾಗ ಮಾತ್ರ ಅವು ಟೋರ್ಫಿಯ ಕುದುರೆಗಳು. ಮೂವತ್ತೊಂದು ವರ್ಷವಾಯಿತು ನನಗೆ, ಇನ್ನೂ ಅಣ್ಣನ ಮನೆಯಲ್ಲಿ ಕೈನೆರವಿಗೆ ಇರುವ ಹುಡುಗಿ.

ನಾನು ಕೇಳಿದ್ದು ಇಷ್ಟೇ. ಕುದುರೆ ಕೆಲಸದಲ್ಲಿ ಸರಿಪಾಲು, ಮತ್ತೆ ಹೊಳೆಯಾಚೆ ಖಾಲಿ ಬಿದ್ದಿರುವ ಅಜ್ಜಿಯ ಮನೆ. ನೀನು ಕಾಫಿ ಬಟ್ಟಲು ನೋಡುತ್ತಾ "ನೋಡೋಣ" ಅಂದೆ. ಆ "ನೋಡೋಣ"ಕ್ಕೇ ನಾನು ಹಡಗು ಹತ್ತಿದ್ದು. ಹೌದು ಅನ್ನು, ಇಲ್ಲವೇ ಇಲ್ಲ ಅನ್ನು. ಪತ್ರದಲ್ಲೇ ಬರೆ. ಫೋನ್ ಮಾಡಬೇಡ, ನಮ್ಮ ಕಣಿವೆಯ ಮನೆಗಳಿಗೆಲ್ಲ ಒಂದೇ ಲೈನು, ನೀನು ಒಂದು ಸಲ ಕೆಮ್ಮಿದರೆ ಮರುದಿನ ಮೇಲ್ಮನೆಯ ರಾನ್ವೆಗ್ "ಎದೆಗೆ ಏನಾದ್ರೂ ಹಚ್ಕೊಂಡ್ಯೇನಪ್ಪಾ" ಅಂತ ಕೇಳುತ್ತಾಳೆ.

ಡಿಮ್ಮಾಳ ಲಾಳ ತೆಗೆದೆಯಾ? ಮೊದಲು ಹೆಗಲ ಮೇಲೆ ಕೈಯಿಡು, ಕೈ ಎತ್ತದೆ ಬೆನ್ನಗುಂಟ ಜಾರಿಸಿಕೊಂಡು ಹಿಂಗಾಲಿಗೆ ಹೋಗು. ನೇರವಾಗಿ ಕಾಲಿಗೇ ಕೈ ಹಾಕಿದರೆ ಒದೆಯುತ್ತಾಳೆ. ಅದು ಅವಳ ತಪ್ಪಲ್ಲ.

ನಿನ್ನ ತಂಗಿ
ಹೆರ್ದಿಸ್


ಮೆಲ್‌ಬಾಕ್ಕಿ
೫ ನವೆಂಬರ್ ೧೯೭೮

ತಂಗಿ ಹೆರ್ದಿಸ್,

ಪತ್ರ ಬಂತು. ಎಲ್ಲರೂ ಚೆನ್ನಾಗಿದ್ದೇವೆ. ಹಿಮ ಬೇಗ ಬಿತ್ತು. ಕುರಿಗಳು ಒಳಗೆ ಬಂದವು.

ಡಿಮ್ಮಾ ಒದ್ದಳು. ನೀನು ಹೇಳಿದ ಹಾಗೆ ಮಾಡಿದ ಮೇಲೆ ಒದೆಯಲಿಲ್ಲ. ಈ ವರ್ಷ ನೀನು ಪಳಗಿಸಿದ ನಾಲ್ಕನ್ನೂ ಲಾಳ ತೆಗೆದು ಮೇಲಿನ ಹುಲ್ಲುಗಾವಲಿಗೆ, ಹಿಂಡಿನ ಜೊತೆ ಬಿಟ್ಟೆ. ಕಲಿತದ್ದು ಸಾಕು, ಇನ್ನು ಯೋಚಿಸಿಕೊಳ್ಳಲಿ. ಅಪ್ಪ ಅನ್ನುತ್ತಿದ್ದದ್ದು ನಿನಗೆ ನೆನಪಿರಬೇಕು. "ಹೇಳೋದೆಲ್ಲ ಹೇಳಿ ಆಯ್ತಲ್ಲ, ಇನ್ನು ಬೇಲಿ ಹತ್ರ ಹೋಗಿ ನಿಂತ್ಕೋಬೇಡಿ. ಅದೇ ಬಂದು ಇಣುಕಿದ್ರೂ ಬೆನ್ನು ತಿರುಗ್ಸಿ. ಚಳಿಗಾಲ ಪೂರ್ತಿ ಯೋಚ್ನೆ ಮಾಡ್ಲಿ." ನಾನು ಅಡುಗೆಮನೆ ಕಿಟಕಿಯಿಂದ ದುರ್ಬೀನು ಹಾಕಿ ನೋಡುತ್ತೇನೆ, ಅಷ್ಟೇ.

ನಿನ್ನ ಪ್ರಶ್ನೆ ಓದಿದೆ. ಚಳಿಗಾಲ ಕಳೆಯಲಿ.

ಒಡ್ನಿ ನಿನಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾಳೆ.

ಟೋರ್ಫಿ


ಸಾಂದ್‌ವಿಕ್
೨೬ ನವೆಂಬರ್ ೧೯೭೮

ಅಣ್ಣ,

"ಚಳಿಗಾಲ ಕಳೆಯಲಿ." ಇದು ಉತ್ತರವೋ, ರೇಡಿಯೋದಲ್ಲಿ ಓದುವ ಹವಾಮಾನವೋ? ಅಂಚೆ ತರುವ ಪುಟ್ಟ ವಿಮಾನದ ಸದ್ದಿಗೆ ಕಿವಿಗೊಟ್ಟು ಕಾದು, ಕೊನೆಗೂ ಕವರು ಹರಿದು ನೋಡಿದರೆ, ಹಿಮ ಬಿತ್ತು, ಕುರಿ ಬಂದವು, ಡಿಮ್ಮಾ ಒದ್ದಳು. ಒದ್ದದ್ದು ಒಳ್ಳೆಯದಾಯಿತು. ನನ್ನ ಲೆಕ್ಕದಲ್ಲಿ ಇನ್ನೊಂದು ಒದೆಯಬೇಕಿತ್ತು.

ಬೆಟ್ಟ ದಾಟುವ ರಸ್ತೆ ಮುಚ್ಚಿತು. ಇನ್ನು ತೆರೆಯುವುದು ಬೇಸಗೆಗೇ ಅಂತೆ. ಸೂರ್ಯನೂ ಹೋದ. ಎಲ್ಲೂ ಹೋಗಿಲ್ಲ ಅವನು, ದಕ್ಷಿಣದ ಬೆಟ್ಟದ ಹಿಂದೆಯೇ ಓಡಾಡಿಕೊಂಡಿದ್ದಾನೆ, ನಮ್ಮ ಬೀದಿಗೆ ಮಾತ್ರ ಬರುವುದಿಲ್ಲ. ನಡುಹಗಲಲ್ಲಿ ಎದುರು ಬೆಟ್ಟದ ನೆತ್ತಿ ಹೊಳೆಯುತ್ತದೆ, ಕೆಳಗೆ ನಾವು ದೀಪ ಹಾಕಿಕೊಂಡು ಮೀನು ಕೊಯ್ಯುತ್ತೇವೆ. ನಾನು ಗೋಡೆಗೆ ಮುಖ ಮಾಡಿ ಕೂತು ಬೆಳೆದವಳಲ್ಲ ಅಣ್ಣ. ಇಲ್ಲಿ ಎತ್ತ ತಿರುಗಿದರೂ ಗೋಡೆ. ಕೆಲವು ದಿನ ಉಸಿರು ಪೂರ್ತಿ ಒಳಗೆ ಹೋಗುವುದೇ ಇಲ್ಲ. ಆಗ ಕೊಯ್ಯುವ ಮೇಜಿನ ಹತ್ತಿರ ನಿಂತು, ಕಣ್ಣು ಮುಚ್ಚಿ, ಡಿಮ್ಮಾಳ ಟೋಲ್ಟ್ ನಡಿಗೆಯ ಸದ್ದು ನೆನೆಸಿಕೊಳ್ಳುತ್ತೇನೆ. ನಾಲ್ಕು ಕಾಲೂ ಬೇರೆ ಬೇರೆ ಬಿದ್ದು, ಬೆನ್ನು ಮಾತ್ರ ಅಲುಗದ ಆ ನಡಿಗೆ. ಪಕ್ಕದವಳು "ನಿದ್ದೆ ಬಂತಾ?" ಎಂದು ಮೊಣಕೈಯಲ್ಲಿ ತಿವಿಯುತ್ತಾಳೆ.

ಮೇಸ್ತ್ರಿ ಮೊನ್ನೆ ಕರೆದ. "ಏನಮ್ಮಾ, ಚೂರಿ ಚೆನ್ನಾಗಿ ಆಡಿಸ್ತೀಯಾ. ಇನ್ನೊಂದು ವರ್ಷ ಇರ್ತೀನಿ ಅಂದ್ರೆ ಕಿಟಕಿ ಇರೋ ಕೋಣೆ ಕೊಡಿಸ್ತೀನಿ."

"ಕಿಟಕೀಲಿ ಏನು ಕಾಣುತ್ತೆ?" ಅಂದೆ.

"ಬೆಟ್ಟ" ಅಂದ.

ನಕ್ಕುಬಿಟ್ಟೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, "ನೋಡೋಣ" ಅಂದೆ. ನಿನ್ನ ತಂಗಿ ತಾನೆ.

ಇಲ್ಲಿ ಐಸ್ ಯಂತ್ರ ನೋಡಿಕೊಳ್ಳುವ ಹಾಲ್ವರ್ ಎಂಬವನೊಬ್ಬನಿದ್ದಾನೆ. ಹೆಂಡತಿ ತೀರಿಕೊಂಡಿದ್ದಾಳೆ. ಅವನ ಮಗಳು ಬಿರ್ನಾ, ಆರು ವರ್ಷದವಳು, ಕುದುರೆಯನ್ನು ಹತ್ತಿರದಿಂದ ನೋಡಿಯೇ ಇಲ್ಲವಂತೆ! ನಂಬುತ್ತೀಯಾ? ಮೀನಿನ ಡಬ್ಬದ ರಟ್ಟಿನ ಮೇಲೆ ಡಿಮ್ಮಾಳ ಚಿತ್ರ ಬರೆದುಕೊಟ್ಟೆ. "ಮುಖದ ತುಂಬ ಕೂದಲು. ಇದು ದಾರಿ ಹೆಂಗೆ ನೋಡುತ್ತೆ?" ಎಂದು ಕೇಳಿದಳು.

ಹೌದೋ ಅಲ್ಲವೋ, ಬರೆ.

ಹೆರ್ದಿಸ್


ಸಾಂದ್‌ವಿಕ್
೨೮ ಡಿಸೆಂಬರ್ ೧೯೭೮

ಅಣ್ಣ,

ಕ್ರಿಸ್ಮಸ್ ಪಾರ್ಸೆಲ್ ಬಂತು. ಅತ್ತಿಗೆಗೆ ಹೇಳು, ಹೊಗೆಯಾಡಿಸಿದ ಕುರಿಮಾಂಸದ ಗಂಟು ಬಿಚ್ಚಿದಾಗ ಇಡೀ ಮಹಡಿಯ ಹುಡುಗಿಯರು ಬಾಗಿಲಿಗೆ ಬಂದು ನಿಂತರು. ತೆಳು ರೊಟ್ಟಿಗಳು ಒಂದೂ ಮುರಿದಿರಲಿಲ್ಲ, ಅದರ ಮೇಲೆ ಎಲೆ ಚಿತ್ತಾರ ಕೊರೆದದ್ದು ಅತ್ತಿಗೆಯ ಕೈ ಅಂತ ನೋಡಿದ ಕೂಡಲೇ ಗೊತ್ತಾಯಿತು. ಕಾಲುಚೀಲ ಸರಿಯಾಗಿವೆ. ಬೆಚ್ಚಗಿವೆಯೋ ಅಂತ ಎರಡರ ಒಳಗೂ ಬೆರಳ ತುದಿಯವರೆಗೆ ಕೈ ಹಾಕಿ ನೋಡಿದೆ. ರೊಟ್ಟಿ ಸುತ್ತಿದ ಕಾಗದವನ್ನೂ ಬಿಡಿಸಿ ನೋಡಿದೆ. ಹಳೆಯ ಪತ್ರಿಕೆ.

ನಿಮಗೆ ಕೆಲಸ ಜಾಸ್ತಿ ಇರಬೇಕು. ಚಳಿ ಈ ವರ್ಷ ಕೆಟ್ಟದಾಗಿದೆ ಅಂತ ರೇಡಿಯೋದವರೂ ಹೇಳುತ್ತಿದ್ದಾರೆ.

ಹಬ್ಬದ ದಿನ ಹಾಲ್ವರ್ ಮನೆಗೆ ಕರೆದಿದ್ದ. ಊಟವಾದ ಮೇಲೆ ಅವನೇ ಎದ್ದು ಪಾತ್ರೆ ತೊಳೆದ! ನಿನಗೂ ಇದನ್ನು ತಿಳಿಸಿರೋಣ ಅಂತ ಬರೆದೆ. ಬಿರ್ನಾ ನನ್ನ ಬೆನ್ನೇರಿ ಮನೆ ತುಂಬ ಸವಾರಿ ಮಾಡಿದಳು. ಕಡಿವಾಣ ಜಗ್ಗಬಾರದು, ಕುದುರೆಯ ಬಾಯಿ ನಿನ್ನ ಬಾಯಿಯಷ್ಟೇ ಮೆತ್ತಗೆ ಅಂತ ಹೇಳಿಕೊಟ್ಟೆ. ಆಮೇಲೆ ನನ್ನ ಜಡೆಯನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡಳು. ಒಳ್ಳೆ ಕೈ ಆ ಮಗುವಿನದು.

ನಾನು ಚೆನ್ನಾಗಿದ್ದೇನೆ.

ಹೆರ್ದಿಸ್


ಸಾಂದ್‌ವಿಕ್
೨೭ ಜನವರಿ ೧೯೭೯

ಅಣ್ಣ,

ಸೂರ್ಯ ಬಂದ. ಬೆಟ್ಟದ ಎರಡು ಕೊಂಬಿನ ನಡುವೆ ಇಣುಕಿ, ಅಂಚೆಮನೆಯ ಗೋಡೆ ಮುಟ್ಟಿ, ಒಂದು ಕಾಫಿ ಕುಡಿಯುವಷ್ಟು ಹೊತ್ತು ಇದ್ದು ಹೋದ. ಇಲ್ಲಿಯವರು ಆ ದಿನ ಮನೆಮನೆಯಲ್ಲೂ ಸಿಹಿದೋಸೆ ಹುಯ್ದು, ಕೆನೆ ಹಚ್ಚಿ, ಬಂದವರಿಗೆಲ್ಲ ಕೊಡುತ್ತಾರೆ. ನಾನೂ ಬೀದಿಗೆ ಹೋಗಿ ಮುಖವೊಡ್ಡಿ ನಿಂತೆ. ಎಲ್ಲರೂ ನಗುತ್ತಿದ್ದರು. ನನಗೆ ಅಳು ಬಂತು, ಬೆಳಕಿಗೆ ಕಣ್ಣು ಚುಚ್ಚಿತು ಅಂದೆ.

ಒಂದು ತಮಾಷೆ ಕೇಳು. ಹಾಲ್ವರ್ ಅವತ್ತು ಒಗೆದ ಸ್ವೆಟರ್ ಹಾಕಿಕೊಂಡು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದ. ದೋಸೆ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕೇಳಿಬಿಟ್ಟ. "ನಮ್ಮನೇಲಿ ಜಾಗ ಇದೆ, ನಿಂಗೆ ಗೊತ್ತು. ಬಿರ್ನಾಗೂ ನಿನ್ನ ಕಂಡ್ರೆ ಇಷ್ಟ. ನಂಗೂ." ಅಷ್ಟೇ ಅವನ ಭಾಷಣ. ಕೆನೆ ಮಾತ್ರ ಅವನ ತೋಳಿನ ಮೇಲೆ ಸುರಿಯುತ್ತಿತ್ತು. ನನ್ನನ್ನು ಕೇಳಲು ಬಂದ ಮೊದಲನೆಯ ಗಂಡು, ಅದೂ ಕೆನೆ ಸುರಿಸಿಕೊಂಡು. ನೀನೂ ಅತ್ತಿಗೆಯೂ ನಗುವುದು ನನಗೆ ಇಲ್ಲಿಗೇ ಕೇಳಿಸುತ್ತದೆ. ನಗಿ.

ಡಿಮ್ಮಾ ಹೇಗಿದ್ದಾಳೆ? ಬದುಕಿದ್ದಾಳಾ? ನನಗೆ ಉತ್ತರ ಬರೆಯದಿದ್ದರೆ ಹೋಗಲಿ, ಅವಳು ಬದುಕಿದ್ದಾಳೆ ಅಂತಾದರೂ ಬರೆ.

ಹೆರ್ದಿಸ್


ಸಾಂದ್‌ವಿಕ್
೧೧ ಫೆಬ್ರುವರಿ ೧೯೭೯

ಟೋರ್ಫಿ,

ತಿಂಗಳ ಕೊನೆಯೊಳಗೆ ನಾನು ಇಲ್ಲಿ ಒಬ್ಬರಿಗೆ ಉತ್ತರ ಕೊಡಬೇಕು. ಅದಕ್ಕೆ ಮೊದಲು ನಿನ್ನ ಉತ್ತರ ಬೇಕು. ಪತ್ರ ಬರೆಯಲು ಬೇಜಾರಾದರೆ ತಂತಿ ಕೊಡು. ಒಂದು ಪದ ಸಾಕು. ಬಾ ಅಂತಲೋ, ಬೇಡ ಅಂತಲೋ.

ಇದಕ್ಕಿಂತ ಜಾಸ್ತಿ ಕೇಳಲು ನನಗೆ ಬರುವುದಿಲ್ಲ.

ಹೆರ್ದಿಸ್


ಮೆಲ್‌ಬಾಕ್ಕಿ
೨೫ ಮಾರ್ಚ್ ೧೯೭೯

ನನ್ನ ಪ್ರೀತಿಯ ತಂಗಿ ಹೆರ್ದಿಸ್,

ಚಳಿಗಾಲ ಕಳೆಯಿತು! ಹಿಮ ಇನ್ನೂ ಮೊಣಕಾಲುದ್ದ ಇದೆ, ಆದರೆ ಕಳೆಯಿತು ಅಂತ ನಾನೇ ತೀರ್ಮಾನಿಸಿದ್ದೇನೆ. ಇನ್ನು ತಡೆಯಲಾರೆ. ಉತ್ತರ ಹೌದು. ಹೌದು, ಹೌದು. ಸರಿಪಾಲು ಅಲ್ಲ, ಕುದುರೆ ಕೆಲಸ ಪೂರ್ತಿ ನಿನ್ನದು. ಕೊಳ್ಳುವವರು ಬಂದರೆ ಹೊಳೆಯಾಚೆಗೆ ಕಳಿಸುತ್ತೇನೆ, "ಕುದುರೆ ವಿಷ್ಯ ಅವಳನ್ನೇ ಕೇಳಿ, ನಾನು ಕುರಿಯವನು" ಅನ್ನುತ್ತೇನೆ.

ನಿನ್ನೆ ಮೇಲಿನ ಹುಲ್ಲುಗಾವಲಿಗೆ ಕಡಿವಾಣ ಹಿಡಿದುಕೊಂಡು ಹೋದೆ. ನೀನು ಪಳಗಿಸಿದ ನಾಲ್ಕರಲ್ಲಿ ಮೂರು ದೂರ ನಿಂತವು. ಡಿಮ್ಮಾ ಹಿಂಡು ಬಿಟ್ಟು, ಹಿಮ ಸೀಳಿಕೊಂಡು ನೇರ ಬಂದಳು. ಬಂದವಳು ನನ್ನನ್ನು ಮೂಸಿ, ನನ್ನ ಹಿಂದೆ ನೋಡಿದಳು. ನೀನಿದ್ದೀಯಾ ಅಂತ. ಶರತ್ಕಾಲದಲ್ಲಿ ಕಲಿತ ಒಂದನ್ನೂ ಮರೆತಿಲ್ಲ. ಅಪ್ಪ ಹೇಳಿದ್ದು ಎಷ್ಟು ನಿಜ ನೋಡು!

ಈಗ ನಿನಗೂ ಹೇಳಿಬಿಡುತ್ತೇನೆ. ನೀನು ಹಡಗು ಹತ್ತಿದ ದಿನವೇ ನಾನು ಹೌದು ಅಂತ ನಿಶ್ಚಯಿಸಿದ್ದೆ. ಆದರೆ ಕೂಗಾಡಿ ಹೋದವಳನ್ನು ಹಿಂದೆಯೇ ಕರೆದರೆ ನೀನು ಕೋಪದಲ್ಲೇ ಬರುತ್ತಿದ್ದೆ. ಜೀವಮಾನದ ಕೆಲಸ ಅದು, ನಿನಗೆ ನಿಜವಾಗಿ ಬೇಕೋ ಬೇಡವೋ ಅಂತ ನೀನೇ ಯೋಚಿಸಬೇಕಿತ್ತು. ಅದಕ್ಕೇ ಬಿಟ್ಟೆ. ನಿನ್ನ ಒಂದೊಂದು ಪತ್ರ ಬಂದಾಗಲೂ "ಬೇಲಿ ಹತ್ರ ಬರ್ತಿದಾಳೆ ಕಣೇ" ಎಂದು ಒಡ್ನಿಗೆ ಹೇಳಿ ಸಂತೋಷಪಟ್ಟೆ, ಬೆನ್ನು ತಿರುಗಿಸಿದೆ. ಎಷ್ಟು ಕಷ್ಟವಾಯಿತು ಗೊತ್ತಾ? ಫೆಬ್ರುವರಿಯ ಪತ್ರ ಬಂದಾಗ ತಂತಿ ಕೊಡಲು ಗಾಡಿ ಹತ್ತಿ ಅರ್ಧ ದಾರಿ ಹೋದೆ. ಮೇಸ್ತ್ರಿಗೆ ತಾನೆ ಉತ್ತರ ಕೊಡಬೇಕಾದದ್ದು, ಅವನು ಕಾಯಲಿ ಅಂದುಕೊಂಡು ವಾಪಸು ಬಂದೆ. "ಒಂದೇ ಒಂದು ಸಾಲು ಬರೀರಿ, ಕೈಯೇನು ಸವೆಯಲ್ಲ" ಎಂದು ಒಡ್ನಿ ದಿನಾ ಬೈದಳು. ಪಾರ್ಸೆಲ್ಲಿನಲ್ಲಿ ಅವಳು ಇಟ್ಟಿದ್ದ ಚೀಟಿಯನ್ನೂ ನಾನೇ ತೆಗೆದೆ. "ನಿಂಗೆ ಗೊತ್ತಾಗಲ್ಲ, ಸುಮ್ನಿರು" ಅಂದೆ.

ಅಜ್ಜಿಯ ಮನೆ ಸಿದ್ಧವಾಗಿದೆ. ಛಾವಣಿಗೆ ಹೊಸ ತಗಡು. ಒಲೆ ಕೂರಿಸಿದ್ದೇನೆ. ಲಾಯದ ಕಡೆ ದೊಡ್ಡ ಕಿಟಕಿ ಇಟ್ಟಿದ್ದೇನೆ, ಈಯುವ ಕುದುರೆಯನ್ನು ಹಾಸಿಗೆಯಿಂದಲೇ ನೋಡಬಹುದು. "ಏನ್ರೀ ಇದು, ಮನೇನೋ ಅಂಗಡೀನೋ" ಎಂದು ಒಡ್ನಿ ನಗುತ್ತಾಳೆ. ಪರದೆಯನ್ನೂ ಅವಳೇ ಹೊಲಿದಳು.

ಆ ಕೆನೆ ಸುರಿಸಿಕೊಂಡ ಸ್ವೆಟರಿನವನ ಕಥೆ ಓದಿ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಾಪ, ಅವನಿಗೆ ನನ್ನ ನಮಸ್ಕಾರ ಹೇಳು.

ಈಸ್ಟರ್ ಕಳೆದ ಕೂಡಲೇ ಹೊರಡು. ಮೇ ಕೊನೆಗೆ ಕೆಂದು ಬಣ್ಣದ ಹೆಣ್ಣು ಕುದುರೆ ಈಯುತ್ತದೆ, ಅಷ್ಟರಲ್ಲಿ ನೀನು ಇಲ್ಲಿರಬೇಕು. ಬಾ ತಂಗಿ. ಬಾ ಅಂತ ಎಷ್ಟು ಸಲ ಬೇಕಾದರೂ ಬರೆಯುತ್ತೇನೆ ಈಗ.

ನಿನ್ನ ಅಣ್ಣ
ಟೋರ್ಫಿ


ಸಾಂದ್‌ವಿಕ್
೧೬ ಏಪ್ರಿಲ್ ೧೯೭೯

ಅಣ್ಣ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಮೂರು ಉತ್ತರ ಬರೆದು ಹರಿದೆ. ಒಂದರಲ್ಲಿ ಬೈದಿದ್ದೆ, ಇನ್ನೊಂದರಲ್ಲಿ ಸುಳ್ಳು ಹೇಳಿದ್ದೆ, ಮೂರನೆಯದು ಒದ್ದೆಯಾಗಿ ಓದಲು ಬರುವಂತಿರಲಿಲ್ಲ.

ನೀವು ನಕ್ಕ ಆ ಸ್ವೆಟರಿನವನು ನನ್ನ ಗಂಡ. ಫೆಬ್ರುವರಿ ಇಪ್ಪತ್ತೆಂಟರವರೆಗೆ ಕಾದೆ. ಅಂಚೆಮನೆಗೆ ದಿನಾ ಎರಡು ಸಲ ಹೋದೆ. ಕೊನೆಗೆ ಆ ಹೆಂಗಸು ನನ್ನನ್ನು ಕಂಡ ಕೂಡಲೇ "ತಂತಿ ಬಂದಿಲ್ಲಮ್ಮ" ಅನ್ನತೊಡಗಿದಳು. ಮಾರ್ಚ್ ಮೂರನೆಯ ತಾರೀಕು ಮದುವೆಯಾಯಿತು. ನಿಮಗೆ ತಿಳಿಸಲಿಲ್ಲ. ಬೇಡದವಳು ಏನು ಮಾಡಿಕೊಂಡರೆ ಯಾರಿಗೇನು ಅಂದುಕೊಂಡೆ. ನಿನ್ನ ಮೇಲೆ ಅಷ್ಟು ಸಿಟ್ಟು ಬಂದಿತ್ತು.

ತಮಾಷೆ ಮಾಡಿ ಬರೆದದ್ದು ನನ್ನ ತಪ್ಪು. ನಾನು ಇವನನ್ನು ಒಪ್ಪಿಬಿಡುತ್ತೇನೇನೋ, ಹೆದರಿಕೆಯಾಗುತ್ತಿದೆ, ಬೇಗ ಕರೆದುಕೋ ಅಂತ ನೇರವಾಗಿ ಬರೆಯಬೇಕಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಹಾಗೆ ಬರೆಯಲು ಬರುವುದಿಲ್ಲ.

ಆದರೆ ಅಣ್ಣ, ನೀನು ಅಪ್ಪನ ಮಾತನ್ನು ಅರ್ಧ ಮಾತ್ರ ನೆನಪಿಟ್ಟುಕೊಂಡೆ. ಎಳೆಯ ಕುದುರೆಯನ್ನು ಯೋಚಿಸಲು ಬಿಡುವಾಗ ಅಪ್ಪ ಒಂದನ್ನೇ ಎಂದಾದರೂ ಬಿಟ್ಟಿದ್ದನೇ? ಹಿಂಡಿನ ಜೊತೆ ಬಿಡುತ್ತಿದ್ದ. ಗಾಳಿ ಬೀಸಿದರೆ ಒತ್ತಿಕೊಂಡು ನಿಲ್ಲಲು ಇನ್ನೊಂದರ ಪಕ್ಕೆ ಇರುತ್ತಿತ್ತು. ನೀನೂ ಡಿಮ್ಮಾಳನ್ನು ಹಾಗೆಯೇ ಬಿಟ್ಟೆ, ನಿನ್ನ ಕೈಯಾರೆ ಬರೆದಿದ್ದೀಯ. ನನ್ನನ್ನು ಒಬ್ಬಳನ್ನೇ ಬಿಟ್ಟೆ. ಒಂಟಿಯಾಗಿ ಬಿಟ್ಟ ಕುದುರೆ ಯೋಚಿಸುವುದಿಲ್ಲ ಅಣ್ಣ, ಯಾವ ಹಿಂಡು ಹತ್ತಿರ ಸಿಗುತ್ತದೋ ಅದಕ್ಕೆ ಸೇರಿಕೊಳ್ಳುತ್ತದೆ. ಇಷ್ಟು ನಿನಗೆ ಗೊತ್ತಿತ್ತು.

ಹಾಲ್ವರ್ ಒಳ್ಳೆಯವನು. ಅದೇ ಕಷ್ಟ. ಕೆಟ್ಟವನಾಗಿದ್ದರೆ ನಿನ್ನ ಪತ್ರ ಬಂದ ದಿನವೇ ವಿಮಾನ ಹತ್ತುತ್ತಿದ್ದೆ. ಅವನಿಗೆ ಪತ್ರ ಓದಿ ಹೇಳಿದೆ. "ನಿಂಗೆ ಹೋಗ್ಬೇಕು ಅನ್ಸಿದ್ರೆ ನಾನು ಅಡ್ಡ ಬರಲ್ಲ" ಅಂದ. ತಾನು ಜೊತೆಗೆ ಬರುತ್ತೇನೆ ಅನ್ನಲಿಲ್ಲ. ಅವನ ತಾಯಿ ಇಲ್ಲಿದ್ದಾಳೆ, ಹೆಂಡತಿಯ ಸಮಾಧಿ ಇಲ್ಲಿದೆ, ಯಂತ್ರ ಬಿಟ್ಟು ಬೇರೆ ಕೆಲಸ ಬಾರದು. ಬಿರ್ನಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ಮರುದಿನದಿಂದ ನಾನು ಹೊಸ್ತಿಲು ದಾಟಿದರೂ ಸಾಕು, ಬೂಟು ಹಾಕಿಕೊಂಡು ಹಿಂದೆ ಬರುತ್ತಾಳೆ. ಒಮ್ಮೆ ತಾಯಿಯನ್ನು ಕಳೆದುಕೊಂಡ ಮಗು. ಇನ್ನೊಮ್ಮೆ ಹೇಗೆ ಬಿಟ್ಟು ಬರಲಿ? ಜೊತೆಗೆ, ನನಗೂ ಚಳಿಗಾಲದ ಹೊತ್ತಿಗೆ ಮಗು ಆಗುತ್ತದೆ.

ಹಾಗಾಗಿ ಬರುವುದಿಲ್ಲ. ಬರಬೇಕು ಅನ್ನಿಸುವುದು ನಿಂತಿಲ್ಲ, ನಿಲ್ಲುವುದೂ ಇಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ ಬೆಟ್ಟ ಕಿಟಕಿಗೆ ಒತ್ತಿಕೊಂಡು ನಿಂತಿರುತ್ತದೆ, ನಾನು ಮತ್ತೆ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಡಿಮ್ಮಾಳನ್ನು ಈಗ ಸುಮ್ಮನೆ ನಿಲ್ಲಿಸಬೇಡ, ಕಲಿತದ್ದು ಹಾಳಾಗುತ್ತದೆ. ಮೊದಲ ವಾರ ಹಳೆಯ ಕುದುರೆಯ ಮೇಲೆ ನೀನು ಕೂತು, ಅವಳನ್ನು ಪಕ್ಕದಲ್ಲಿ ಹಗ್ಗ ಹಿಡಿದು ನಡೆಸು. ಹಗ್ಗ ಸಡಿಲವಿರಲಿ. ಅವಳು ತಲೆ ಕೊಡವಿದರೆ ನೀನು ಜಗ್ಗಬೇಡ, ಉಸಿರು ಬಿಡು. ನಿನಗೆ ಅದು ಬರುವುದಿಲ್ಲ, ಆದರೂ ಬಿಡು. ಅಜ್ಜಿಯ ಮನೆಗೆ ಯಾರನ್ನಾದರೂ ಬಾಡಿಗೆಗೆ ಇಡು. ಖಾಲಿ ಬಿಡಬೇಡ, ತೇವ ಹಿಡಿಯುತ್ತದೆ.

ಹೆರ್ದಿಸ್


ಮೆಲ್‌ಬಾಕ್ಕಿ
೧೩ ಮೇ ೧೯೭೯

ತಂಗಿ,

ಕಳೆದ ಭಾನುವಾರ ನಾನು ಫೋನ್ ಮಾಡಿದೆನಲ್ಲ, ಮನೆಯಿಂದ ಮಾಡಿದ್ದು ಅಂತ ನೀನು ಅಂದುಕೊಂಡೆ. ಅಲ್ಲ. ಅದನ್ನು ತಿಳಿಸಲು ಬರೆಯುತ್ತಿದ್ದೇನೆ.

ನಿನ್ನ ಪತ್ರ ಓದಿ ಒಡ್ನಿಯ ಕೈಗೆ ಕೊಟ್ಟೆ. ಅವಳು ಓದಿ, ಮಡಚಿ, ನನ್ನ ಕೈಗೇ ವಾಪಸು ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಒಂದು ವಾರ ಕೊಟ್ಟಿಗೆಗೂ ಮನೆಗೂ ಓಡಾಡಿದೆ. ಆಮೇಲೆ ಒಂದು ದಿನ ಕುರಿಗಳಿಗೆ ಹುಲ್ಲು ಹಾಕುತ್ತಿದ್ದವನು ಕವೆಗೋಲು ಅಲ್ಲೇ ಬಿಟ್ಟು ಬಂದು, "ಹೋಗ್ತೀನಿ" ಅಂದೆ. ಎಲ್ಲಿಗೆ ಅಂತ ಒಡ್ನಿ ಕೇಳಲಿಲ್ಲ. "ಇನ್ನೊಂದು ವಾರಕ್ಕೆ ಕುರಿ ಈಯೋಕೆ ಶುರುವಾಗುತ್ತೆ. ಅಷ್ಟರೊಳಗೆ ಬನ್ನಿ" ಅಂದಳು, ಬುತ್ತಿ ಕಟ್ಟಿದಳು.

ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿದೆ. ಕಣ್ಣು ಮುಚ್ಚಿಕೊಂಡೇ ಇದ್ದೆ, ಪಕ್ಕದಲ್ಲಿ ಕೂತ ಮುದುಕಿ ನನ್ನ ಕೈ ತಟ್ಟಿ ಧೈರ್ಯ ಹೇಳಿದಳು. ಇಳಿದಲ್ಲಿಂದ ಹಾಲಿನ ಟ್ರಕ್ಕಿನಲ್ಲಿ ನಿಮ್ಮ ಪಕ್ಕದ ಕೊಲ್ಲಿಯವರೆಗೆ ಬಂದೆ. ಮುಂದೆ ದಾರಿಯಿಲ್ಲ. ದೋಣಿಯವರನ್ನು ಕೇಳಿದರೆ, ಕೊಲ್ಲಿಯ ಬಾಯಿಗೆ ಉತ್ತರದ ಹಿಮಗಡ್ಡೆ ಬಂದು ನಿಂತಿದೆ, ಕಣ್ಣಿದ್ದವನು ಯಾವನೂ ದೋಣಿ ಬಿಡುವುದಿಲ್ಲ ಅಂದರು. ನಿಮ್ಮಲ್ಲಿಗೆ ಬರುವ ಆ ಪುಟ್ಟ ವಿಮಾನ ಮಂಜಿಗೆ ಹಾರುತ್ತಿರಲಿಲ್ಲ. ಇನ್ನುಳಿದದ್ದು ಬೆಟ್ಟ.

ಅಂಚೆಮನೆಯವನ ಹತ್ತಿರ ಒಂದು ಕುದುರೆ ಕೇಳಿ ತೆಗೆದುಕೊಂಡೆ. ಬೂದು ಬಣ್ಣದ ಗಂಡು, ವಯಸ್ಸಾದದ್ದು, ನಂಬಿಕಸ್ಥ. "ಮೇಲೆ ಹಿಮ ಮೆತ್ತಗಾಗಿದೆ ಸ್ವಾಮಿ, ಹುಚ್ಚು ಹಿಡಿದಿದ್ಯಾ?" ಅಂದ. ಹಿಡಿದಿದೆ ಅಂದೆ. ಬೆಳಿಗ್ಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ಕಣಿವೆಯ ತಲೆ ಮುಟ್ಟಿದೆ. ಅಲ್ಲಿ ಕುದುರೆ ಎದೆಮಟ್ಟ ಹೂತಿತು. ಎದ್ದು ಬಂತು, ಮತ್ತೆ ಹೂತಿತು. ಮೂರನೆಯ ಸಲ ತಲೆ ತಿರುಗಿಸಿ ನನ್ನನ್ನು ನೋಡಿತು. ಬೆತ್ತದಲ್ಲಿ ನಾಲ್ಕು ಬಿಟ್ಟಿದ್ದರೆ ಇನ್ನೂ ಸ್ವಲ್ಪ ದೂರ ಹೋಗುತ್ತಿತ್ತೇನೋ, ಅಂಥ ಕುದುರೆ ಅದು, ಸಾಯುವವರೆಗೂ ಹೋಗುವಂಥದ್ದು. ಹೊಡೆಯಲಾಗಲಿಲ್ಲ. ಇಳಿದು, ಅದರ ಕಾಲ ಸುತ್ತ ಕೈಯಿಂದ ಹಿಮ ತೋಡಿ, ತಿರುಗಿಸಿದೆ. ಆಗ ಕೆಳಗಿನಿಂದ, ಆ ಕಡೆಯಿಂದ, ಸೈರನ್ ಕೂಗಿದ್ದು ಕೇಳಿಸಿತು. ನಿಮ್ಮ ಕಾರ್ಖಾನೆಯದೇ ಇರಬೇಕು. ನಿನ್ನ ಹೆಸರು ಹಿಡಿದು ಕೂಗಿದೆ. ಮಂಜಿನಲ್ಲಿ ಎಷ್ಟು ದೂರ ಹೋಯಿತೋ ಗೊತ್ತಿಲ್ಲ.

ಮರುದಿನ ಭಾನುವಾರ. ಅಂಚೆಮನೆಯಿಂದ ನಿನಗೆ ಫೋನ್ ಮಾಡಿದೆ. ಕುರಿ ಈಯೋಕೆ ಶುರುವಾಯ್ತಾ ಅಂತ ನೀನು ಕೇಳಿದೆ, ಇನ್ನೂ ಇಲ್ಲ ಅಂತ ನಾನು ಹೇಳಿದೆ. ಹವಾ ಹೇಗಿದೆ ಅಂತ ನೀನು ಕೇಳಿದೆ, ಮಂಜು ಅಂತ ನಾನು ಹೇಳಿದೆ. "ಇಲ್ಲೂ ಅಷ್ಟೇ ಅಣ್ಣ" ಅಂದೆ ನೀನು. ಅದು ಒಂದೇ ಮಂಜು ತಂಗಿ. ನೀನು ಅದರ ಆ ಕಡೆ ನಿಂತಿದ್ದೆ, ನಾನು ಈ ಕಡೆ. ಬಾಯಿ ಬಿಟ್ಟು ಹೇಳಿದ್ದರೆ ಬಸುರಿ ಅನ್ನುವುದನ್ನೂ ಮರೆತು ನೀನು ಬೆಟ್ಟ ಹತ್ತುತ್ತಿದ್ದೆ. ಅದಕ್ಕೇ ಹೇಳಲಿಲ್ಲ. ಫೋನಿಟ್ಟ ಮೇಲೆ ಅಂಚೆಮನೆಯವನ ಹೆಂಡತಿ ನನ್ನ ಮುಖ ನೋಡಿ, ಕೇಳದೆಯೇ ಕಾಫಿ ತಂದಿಟ್ಟಳು.

ಇನ್ನು ಕಾಯುವ ಹಾಗಿರಲಿಲ್ಲ. ಒಡ್ನಿ ಒಬ್ಬಳೇ ಇದ್ದಳು. ಸೋಮವಾರ ಹಾಲಿನ ಟ್ರಕ್ಕು ಹತ್ತಿದೆ.

ನೀನು ಉತ್ತರ ಬರೆಯಲೇಬೇಕೆಂದಿಲ್ಲ. ನಾನು ಬಂದಿದ್ದೆ. ಅಷ್ಟು ನಿನಗೆ ಗೊತ್ತಿರಲಿ.

ಟೋರ್ಫಿ